ಅತ್ತಿಗೆಯ ಹೆಸರಿನ ಬಾಗಿಲು

ಮಾರ್ಚ್ 2

ಪ್ರೀತಿಯ ಗದ್ದಲ,

ಹೊಸ ಊರು ಸೇರಿದೆ. ರೈಲಿನಲ್ಲಿ ಕೂತು ಕೂತು ಬೆನ್ನು ಹಲಗೆಯಾಗಿದೆ, ಅದು ಬಿಟ್ಟರೆ ಕ್ಷೇಮ. ನೀರು ಸರಬರಾಜು ಕಚೇರಿಯಲ್ಲಿ ನನಗೆ ಕೊಟ್ಟಿರುವ ಕೋಣೆಗೆ ಕಿಟಕಿಯಿಲ್ಲ, ಆದರೆ ಯಂತ್ರಗಳು ಹೊಸವು. ಇರಲು ಸಿಕ್ಕಿರುವುದು ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮಹಡಿ. ಗಂಟೆಗೊಮ್ಮೆ ಕೆಳಗೆ ಎಲ್ಲ ಗಡಿಯಾರಗಳೂ ಬಡಿಯುತ್ತವೆ, ಒಂದು ಇನ್ನೊಂದರ ಮಾತು ಕೇಳುವುದಿಲ್ಲ. ಮೊದಲ ದಿನ ತಲೆ ಕೆಟ್ಟಿತು. ಈಗ ಒಗ್ಗಿದೆ.

ನಾನು ಹೊರಡುವ ದಿನ ನಮ್ಮ ಧ್ವನಿ ಪುಸ್ತಕಾಲಯದ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ಆ ಹುಡುಗಿ ಓದಿರೋದು ನಾಲ್ಕನೇ ಕ್ಲಾಸು. ಸರ್ವರ್ ಅವಳ ಕೈಗೆ ಕೊಡೋದಾ?" ಎಂದರು. "ಅವಳದು ಬಾಯಿ ತಡವರಿಸುತ್ತೆ, ಕೈ ತಡವರಿಸಲ್ಲ" ಎಂದೆ. ಅವರು ನಕ್ಕರು. ನೀನು ಆ ಮಾತು ಉಳಿಸಬೇಕು.

ದಿನಾ ಬೆಳಿಗ್ಗೆ ಮೊದಲು ಲಾಗ್ ಓದು. ಯಾರು ಒಳಗೆ ಬಂದರು, ಯಾರು ಬಾಗಿಲು ಬಡಿದು ಹೋದರು, ಎಲ್ಲ ಅದರಲ್ಲಿರುತ್ತದೆ. ಬಾಗಿಲು ಬಡಿಯುವವರು ದಿನಾ ಇರುತ್ತಾರೆ, ಹೆದರಬೇಡ. ಅಪ್‌ಡೇಟ್ ಬಂದರೆ ನಾಳೆ ನೋಡೋಣ ಅನ್ನಬೇಡ. ತಿಂಗಳಿಗೊಮ್ಮೆ ಎಲ್ಲ ಪುಸ್ತಕಗಳನ್ನೂ ಡಿಸ್ಕಿಗೆ ನಕಲು ಮಾಡಿ, ತಂತಿ ಬಿಡಿಸಿ, ಮನೆಗೆ ಒಯ್ದು ಅತ್ತೆಯ ಬೀರುವಿನಲ್ಲಿಡು. ಯಂತ್ರಕ್ಕೆ ಅಂಟಿಕೊಂಡೇ ಇರುವ ನಕಲು ನಕಲಲ್ಲ. ಬೆಂಕಿ ಬಿದ್ದರೆ ಎರಡೂ ಒಟ್ಟಿಗೆ ಸುಡುತ್ತವೆ.

ಯಂತ್ರದ ವಿಷಯವನ್ನು ಯಂತ್ರದ ಮೂಲಕ ಮಾತಾಡುವುದು ಬೇಡ, ಇಮೇಲ್ ಮಾಡಬೇಡ. ಫೋನು ನಿನಗಾಗದು. ಹಾಗಾಗಿ ಕಾಗದ. ನಿಧಾನ, ಆದರೆ ಲಕೋಟೆ ಹರಿದಿದ್ದರೆ ಕಣ್ಣಿಗೆ ಕಾಣುತ್ತದೆ.

ಕೊನೆಯದು. ಸರ್ವರಿನಲ್ಲಿರುವ ನನ್ನ ಹೆಸರಿನ ಖಾತೆ ಮುಚ್ಚಿಬಿಡು. ಕೆಲಸ ಬಿಟ್ಟವರ ಖಾತೆ ಇಡಬಾರದು, ಅದು ನಿಯಮ. ಕಾಗದ ಮುಟ್ಟಿದ ದಿನವೇ ಮಾಡು.

ಅತ್ತೆಯ ಮೊಣಕಾಲು ಹೇಗಿದೆ?

ನಿನ್ನ ಅತ್ತಿಗೆ


ಮಾರ್ಚ್ 11

ಅತ್ತಿಗೆಗೆ,

ನಿಮ್ಮ ಕಾಗದ ಬಂತು. ಎರಡು ಸಲ ಓದಿ, ಅಮ್ಮನಿಗೆ ಒಂದು ಸಲ ಓದಿ ಹೇಳಿದೆ. ಮೊಣಕಾಲಿನ ಜಾಗ ಬಂದಾಗ ಅಮ್ಮ, "ದೂರ ಹೋದ ಮೇಲೆ ಕಾಲು ಕೇಳ್ತಾಳೆ, ಇಲ್ಲಿದ್ದಾಗ ಮೆಟ್ಟಿಲು ಹತ್ತಿಸ್ತಾ ಇದ್ದಳು" ಎಂದರು. ಆಮೇಲೆ ಆ ಜಾಗವನ್ನೇ ಇನ್ನೊಮ್ಮೆ ಓದಿಸಿದರು.

ನೀವು ಹೋದ ಮೇಲೆ ಸರ್ವರ್ ಕೋಣೆ ದೊಡ್ಡದಾಗಿದೆ. ನಿಮ್ಮ ಕುರ್ಚಿಯಲ್ಲಿ ಕೂರಲು ಸಂಕೋಚವಾಗಿ ಒಂದು ವಾರ ಸ್ಟೂಲಿನಲ್ಲೇ ಕೂತೆ. ಯಜಮಾನರು ಬಂದು ನೋಡಿ, "ಯಂತ್ರ ಕಾಯೋಳು ನೀನು, ಹಾಲು ಕರೆಯೋಳ ಹಾಗೆ ಕೂತಿದ್ದೀಯಲ್ಲ" ಎಂದರು. ಅಂದಿನಿಂದ ಕುರ್ಚಿ.

ನಿಮಗೆ ಒಂದು ಮಾತು ಎದುರಿಗೆ ಹೇಳಲಾಗಲಿಲ್ಲ, ಕಾಗದದಲ್ಲಿ ಹೇಳುತ್ತೇನೆ. ಅಂಗಡಿಯಲ್ಲಿ ಸೋಪು ಕೇಳಲು ಹೆದರಿ ಚೀಟಿ ಬರೆದುಕೊಂಡು ಹೋಗುತ್ತಿದ್ದವಳು ನಾನು. ಮಾತೇ ಆಡದ ನನಗೆ ಅಣ್ಣ 'ಗದ್ದಲ' ಎಂದು ಹೆಸರಿಟ್ಟ, ನೀವು ಕೆಲಸ ಕೊಟ್ಟಿರಿ. ಕಮಾಂಡುಗಳನ್ನು ಸ್ವೆಟರಿನ ಹೆಣಿಗೆಯ ಹಾಗೆ ಕಲಿಸಿದಿರಿ. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ, ತಪ್ಪಿದರೆ ಬಿಚ್ಚು, ಮತ್ತೆ ಹಾಕು. ಈ ಯುನಿಕ್ಸ್ ಯಂತ್ರ ನಾನು ಬರೆದದ್ದನ್ನಷ್ಟೇ ಕೇಳುತ್ತದೆ. ನಾನು ತಡವರಿಸಿದರೆ ಬೇರೆ ಕಡೆ ನೋಡುವುದಿಲ್ಲ. ಇಂಥ ಒಂದು ಜಾಗ ಲೋಕದಲ್ಲಿದೆ ಎಂದು ತೋರಿಸಿದವರು ನೀವು.

ಲಾಗ್ ದಿನಾ ಓದುತ್ತಿದ್ದೇನೆ. ಅಪ್‌ಡೇಟ್ ಹಾಕಿದೆ. ಡಿಸ್ಕಿಗೆ ನಕಲು ಮಾಡಿ ಬೀರುವಿನಲ್ಲಿಟ್ಟೆ. ಅಮ್ಮ ಅದನ್ನು ಕಂಬಳಿಯ ಮಡಿಕೆಯೊಳಗೆ ಇಟ್ಟು, "ಮಗ ಬೆಚ್ಚಗಿರಲಿ" ಎಂದರು. ಅಣ್ಣ ಓದಿದ ಪುಸ್ತಕಗಳೆಲ್ಲ ಅದರೊಳಗಿವೆ ಎಂದು ಅವರಿಗೆ ಗೊತ್ತು. ಅಣ್ಣ ತೀರಿಹೋದ ಮೇಲೆ ಅವನ ದನಿ ಉಳಿದಿರುವುದು ಆ ಡಿಸ್ಕಿನಲ್ಲಿ ಮತ್ತು ನಮ್ಮ ಯಂತ್ರದಲ್ಲಿ, ಬೇರೆಲ್ಲೂ ಇಲ್ಲ.

ಕೆಲಸಗಳೆಲ್ಲ ಸರಿಯಾಗಿ ನಡೆಯುತ್ತಿವೆ. ಚಿಂತೆ ಬೇಡ.

ನಿಮ್ಮ ಗದ್ದಲ


ಮಾರ್ಚ್ 19

ಪ್ರೀತಿಯ ಗದ್ದಲ,

ನಿನ್ನ ಕಾಗದ ಓದಿ ಮನಸ್ಸು ತುಂಬಿತು. ಕೃತಜ್ಞತೆಯೆಲ್ಲ ನನಗೇ ಕೊಟ್ಟು ಖಾಲಿಯಾಗಬೇಡ. ನನಗೂ ಆ ಕೋಣೆ ಕೊಟ್ಟದ್ದು ಕಡಿಮೆಯಲ್ಲ. ಅಂಧರಿಗೆ ಪುಸ್ತಕ ಓದಿ ಕೇಳಿಸುವ ಜಾಗದಲ್ಲಿ ಯಂತ್ರ ನೋಡಿಕೊಳ್ಳಲು ಸೇರಿದವಳಿಗೆ, ಬೇಕರಿ ಕೆಲಸ ಮುಗಿಸಿ ಹಿಟ್ಟಿನ ಕೈಯಲ್ಲೇ ಓದಲು ಬರುತ್ತಿದ್ದ ನಿನ್ನಣ್ಣ ಸಿಕ್ಕ. ಹಿಟ್ಟಿನ ಧೂಳಿಗೆ ಪುಟಕ್ಕೊಮ್ಮೆ ಕೆಮ್ಮುತ್ತಿದ್ದ. ಕೆಮ್ಮಿ, ಮೈಕಿನ ಮುಂದೆ ಯಾರೋ ಕೂತಿರುವ ಹಾಗೆ "ಕ್ಷಮಿಸಿ" ಅನ್ನುತ್ತಿದ್ದ. ಅದನ್ನು ಕತ್ತರಿಸಿ ತೆಗೆಯುವುದು ನನ್ನ ಕೆಲಸವಾಗಿತ್ತು. ಒಂದನ್ನೂ ತೆಗೆಯಲಿಲ್ಲ.

ನಿನಗೊಂದು ನಗೆಯ ಕಥೆ ಹೇಳುತ್ತೇನೆ. ಸೇರಿದ ಹೊಸತರಲ್ಲಿ ಮನೆಯಿಂದಲೇ ಸರ್ವರಿನ ಬಾಗಿಲ ನಿಯಮ ಬದಲಾಯಿಸಿದೆ. ಹೊಸ ನಿಯಮ ಸರಿ ಇದೆಯೋ ನೋಡದೆ, ಪರದೆಯ ಮೇಲೆ ತೆರೆದಿದ್ದ ಕಿಟಕಿ ಮುಚ್ಚಿದೆ. ಆಮೇಲೆ ನೋಡಿದರೆ ನಾನು ಕಟ್ಟಿದ ಗೋಡೆಯ ಹೊರಗೆ ನಾನೇ. ಚಳಿಯಲ್ಲಿ ಊರ ಆ ತುದಿಗೆ ನಡೆದು ಹೋಗಿ ಯಂತ್ರದ ಮುಂದೆ ಕೂತು ಸರಿಮಾಡಬೇಕಾಯಿತು. ನಿನ್ನಣ್ಣ ಬಹಳ ದಿನ ನಗುತ್ತಿದ್ದ. "ಮನೆಗೆ ಬೀಗ ಹಾಕಿ ಕೀಲಿ ಒಳಗೇ ಎಸೆದಳು" ಎಂದು ಅತ್ತೆಯ ಹತ್ತಿರ ಹೇಳಿಕೊಟ್ಟ. ಹಾಗಾಗಿ ನೆನಪಿಡು: ಬಾಗಿಲಿನ ನಿಯಮ ಬದಲಾಯಿಸಿದಾಗ, ಹೊಸ ಕಿಟಕಿ ತೆರೆದು ಒಳಗೆ ಕಾಲಿಡುವವರೆಗೆ ಹಳೆಯದನ್ನು ಮುಚ್ಚಬೇಡ.

ಕೆಳಗಿನ ಗಡಿಯಾರದವರು ನನ್ನ ಕೈಗಡಿಯಾರ ಸರಿಮಾಡಿ ಕೊಟ್ಟರು. ಮಾತು ಕಡಿಮೆ, ನಿನ್ನ ಹಾಗೆ.

ನನ್ನ ಖಾತೆ ಮುಚ್ಚಿದ ಬಗ್ಗೆ ನೀನು ಬರೆಯಲೇ ಇಲ್ಲ. ಮುಚ್ಚಿರುತ್ತೀ ಎಂದುಕೊಂಡಿದ್ದೇನೆ.

ಅತ್ತಿಗೆ


ಏಪ್ರಿಲ್ 2

ಅತ್ತಿಗೆಗೆ,

ಬರೆಯಲು ತಡವಾಯಿತು. ಇಲ್ಲಿ ಸೆಕೆ ಶುರುವಾಗಿದೆ, ಯಂತ್ರಕ್ಕೂ ಮೈ ಬಿಸಿ. ಅದರ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತದೆ. ಮುಚ್ಚಳ ಬಿಚ್ಚಿ ಧೂಳು ಒರೆಸಿದೆ, ಮೇಜಿನ ಫ್ಯಾನನ್ನು ಅದರ ಕಡೆ ತಿರುಗಿಸಿಟ್ಟೆ. ಯಜಮಾನರು ಬಂದು, "ನಾನು ಬೆವರ್ತಾ ಇದ್ದೀನಿ, ಗಾಳಿ ಅದಕ್ಕಾ?" ಎಂದು ಕೇಳಿದರು. ನಾನು ಹೂಂ ಎಂದು ತಲೆಯಾಡಿಸಿದೆ. ಅವರು ರಟ್ಟಿನಿಂದ ಬೀಸಿಕೊಳ್ಳುತ್ತಾ ಹೋದರು.

ಪಿಯಾನೋ ಶ್ರುತಿ ಮಾಡುವವರು ನಿಮಗೆ ನೆನಪಿದ್ದಾರಲ್ಲ? ಕಣ್ಣು ಕಾಣದಿದ್ದರೂ ಊರಿನ ಬೀದಿಗಳನ್ನೆಲ್ಲ ಒಬ್ಬರೇ ಸುತ್ತುತ್ತಾರಲ್ಲ, ಅವರು. ಹೋದ ವಾರ ಬಂದು, "ಏನಮ್ಮಾ, ನಿಮ್ಮಣ್ಣ ಇತ್ತೀಚೆಗೆ ಏದುಸಿರು ಬಿಡ್ತಾ ಓದ್ತಾರಲ್ಲ? ಹಡಗಿನ ಕಥೇಲಿ ಅಲೆ ಬರೋ ಜಾಗಕ್ಕೆ ನಿಂತೇ ಬಿಡ್ತಾರೆ. ನಾನು ಕುರ್ಚಿ ಹಿಡ್ಕೊಂಡು ಕಾಯ್ತಾ ಕೂರ್ಬೇಕು" ಎಂದರು. ಮನೆಯಲ್ಲಿ ಕೂತು ನಮ್ಮ ಸರ್ವರಿನಿಂದ ಕೇಳುವಾಗ ದನಿ ತುಂಡುತುಂಡಾಗುತ್ತದಂತೆ. ಸೆಕೆಗೆ ಯಂತ್ರ ದಣಿದಿದೆ ಎಂದು ಚೀಟಿಯಲ್ಲಿ ಬರೆದೆ. ಆಮೇಲೆ ಅವರಿಗೆ ಓದಲಾಗದು ಎಂದು ನೆನಪಾಗಿ ನಾನೇ ಓದಿ ಹೇಳಬೇಕಾಯಿತು. ನಾನು ಹೇಳಿ ಮುಗಿಸುವವರೆಗೂ ಕಾದರು. "ನಿನ್ನದೂ ಅಲೆ ಬರೋ ಜಾಗಕ್ಕೆ ನಿಂತಿತ್ತು, ದಾಟಿಸಿಬಿಟ್ಟೆ" ಎಂದು ನಕ್ಕರು.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ.

ಬೈಯಬೇಡಿ. ನಿಮ್ಮ ಖಾತೆಯನ್ನು ನಾನು ಮುಚ್ಚಲಿಲ್ಲ. ಮುಚ್ಚುವ ಕಮಾಂಡ್ ಬರೆದೆ, ಕೊನೆಯ ಗುಂಡಿ ಒತ್ತಲು ಬೆರಳು ಏಳಲಿಲ್ಲ. ಆ ಯಂತ್ರದಲ್ಲಿ ನಿಮ್ಮ ಹೆಸರು 'ಅತ್ತಿಗೆ' ಎಂದೇ ಇದೆ. ಅಣ್ಣ ಹೋದ. ನೀವು ರೈಲು ಹತ್ತಿದಿರಿ. ಈಗ ನನ್ನ ಕೈಯಿಂದಲೇ ಅತ್ತಿಗೆಯನ್ನು ಅಳಿಸು ಎಂದರೆ ಹೇಗೆ? ಕೆಲಸ ಬಿಟ್ಟವರ ಖಾತೆ ಎಂದು ನೀವು ಬರೆದಿದ್ದಿರಿ. ನಮ್ಮನ್ನೂ ಬಿಟ್ಟವರು ಎಂಬ ಹಾಗೆ ನನಗೆ ಕೇಳಿಸಿತು. ಅದಕ್ಕೇ ಸುಮ್ಮನಿದ್ದೆ.

ಆದರೆ ಈಗ ನನಗೆ ಗೊತ್ತು. ಎರಡು ವಾರದಿಂದ ಲಾಗಿನಲ್ಲಿ ನಿಮ್ಮ ಹೆಜ್ಜೆ ಕಾಣುತ್ತಿದೆ. ಮಧ್ಯಾಹ್ನ ಊಟದ ಹೊತ್ತಿಗೆ 'ಅತ್ತಿಗೆ' ಒಳಗೆ ಬರುತ್ತಾಳೆ, ಬಹಳ ಹೊತ್ತು ಇರುತ್ತಾಳೆ. ಮೊದಲ ದಿನ ನೋಡಿದಾಗ ತಟ್ಟೆ ಪಕ್ಕಕ್ಕಿಟ್ಟು ಆ ಸಾಲನ್ನೇ ನೋಡುತ್ತಾ ಕೂತೆ. ಖಾತೆ ಮುಚ್ಚು ಎಂದು ಬಾಯಲ್ಲಿ ಹೇಳಿದರೂ, ಊಟದ ಬಿಡುವಿನಲ್ಲಿ ಬಂದು ಅಣ್ಣನ ದನಿ ಕೇಳಿ ಹೋಗುತ್ತೀರಿ. ಅತ್ತಿಗೆ, ಇದಕ್ಕೆ ಹೇಗೆ ಕೃತಜ್ಞತೆ ಹೇಳಬೇಕೋ ನನಗೆ ತಿಳಿಯದು. ಯಾರಿಗೂ ಹೇಳಿಲ್ಲ, ಅಮ್ಮನಿಗೂ. ಆ ಹೊತ್ತಿನಲ್ಲಿ ಯಂತ್ರಕ್ಕೆ ಬೇರೆ ಭಾರದ ಕೆಲಸ ಕೊಡುವುದಿಲ್ಲ, ನಿಮಗೆ ದನಿ ತುಂಡಾಗಬಾರದೆಂದು.

ನೀವು ಬರುತ್ತಲೇ ಇರಿ. ನಾನು ನೋಡದವಳ ಹಾಗೆ ಇರುತ್ತೇನೆ.

ನಿಮ್ಮ ಗದ್ದಲ


ಏಪ್ರಿಲ್ 9

ಅತ್ತಿಗೆಗೆ,

ನಿನ್ನೆ ನೀವು ಫೋನಿಟ್ಟ ಮೇಲೆ ನಡೆದದ್ದನ್ನೆಲ್ಲ ಬರೆಯುತ್ತೇನೆ. ಇವತ್ತು ಕೈಯೂ ತಡವರಿಸುತ್ತಿದೆ, ಎರಡು ಹಾಳೆ ಹರಿದು ಮೂರನೆಯದರಲ್ಲಿ ಬರೆಯುತ್ತಿದ್ದೇನೆ.

ಯಜಮಾನರು, "ನಿಮ್ಮತ್ತಿಗೆ ಫೋನು. ದನಿ ಒಂಥರಾ ಇದೆ" ಎಂದು ಕರೆದಾಗ ನಿಮಗೇ ಏನೋ ಆಯಿತೆಂದುಕೊಂಡೆ. ನೀವು ಹೇಳಿದ ಮಾತುಗಳು ಕಿವಿಯಲ್ಲೇ ಇವೆ. "ಮಾತಾಡ್ಬೇಡ, ಕೇಳು. ಅದು ನಾನಲ್ಲ. ಈ ಊರಿಗೆ ಬಂದ ಮೇಲೆ ಒಂದು ಸಲಾನೂ ನಾನು ಒಳಗೆ ಬಂದಿಲ್ಲ. ಓಡಿ ಹೋಗಿ ಗೋಡೆಯಲ್ಲಿರೋ ಇಂಟರ್ನೆಟ್ಟಿನ ನೀಲಿ ತಂತಿ ಕಿತ್ತುಬಿಡು. ಯಂತ್ರ ಆರಿಸ್ಬೇಡ, ತಂತಿ ಮಾತ್ರ. ತಿಳೀತು ಅಂದ್ರೆ ಒಂದು ಸಲ ಕುಟ್ಟು." ನಾನು ಫೋನಿನ ಮೇಲೆ ಬೆರಳಿಂದ ಕುಟ್ಟಿದೆ. ಚಿಕ್ಕಂದಿನಲ್ಲಿ ಅಣ್ಣ ಮಾತು ಹೊರಡದ ನನಗೆ ಕಲಿಸಿದ ಆಟ ಅದು. ನಿಮಗೆ ಅದು ನೆನಪಿತ್ತು.

ತಂತಿ ಕಿತ್ತೆ. ಸ್ವಲ್ಪ ಹೊತ್ತಿಗೆ ಯಂತ್ರದ ಕೂಗು ಇಳಿಯಿತು. ನಾನು ಸೆಕೆ ಎಂದುಕೊಂಡು ಗಾಳಿ ಹಾಕುತ್ತಿದ್ದದ್ದು ಕಳ್ಳನಿಗೆ. ನಿಮ್ಮ ಹೆಸರು ಹೊತ್ತು ಬಂದವನು ನಮ್ಮ ಯಂತ್ರದಿಂದ ಲೋಕಕ್ಕೆಲ್ಲ ಸುಳ್ಳು ಇಮೇಲ್ ಕಳಿಸುತ್ತಿದ್ದ. ಹಗಲೆಲ್ಲ ಅದನ್ನು ದುಡಿಸಿಕೊಳ್ಳುತ್ತಿದ್ದ, ಅದಕ್ಕೇ ಅಣ್ಣನ ದನಿ ಏದುಸಿರು ಬಿಡುತ್ತಿತ್ತು. ಅವನು ಬಾಗಿಲು ತೆರೆದು ಬಂದ, ನಾನು ಎದ್ದು ನಿಂತು ಬನ್ನಿ ಎಂದೆ.

ಯಜಮಾನರ ಹತ್ತಿರ ಹೋಗಿ ನಾನೇ ಹೇಳಿದೆ. ಚೀಟಿ ಬರೆಯಲಿಲ್ಲ, ಬಾಯಿಂದಲೇ. ಬಹಳ ಹೊತ್ತು ಹಿಡಿಯಿತು. ಅವರು ಕೂತು ಕೇಳಿದರು. ಕೊನೆಗೆ, "ಲಾಗ್ ಓದಿರೋದೇನೋ ದಿನಾ ಓದಿದ್ದೀಯ. ಮನಸ್ಸಲ್ಲಿ ಇದ್ದದ್ದನ್ನ ಓದಿದೀಯ ಅಷ್ಟೆ. ಈಗ ಏನು ಮಾಡ್ಬೇಕು ಅಂತ ನಿಮ್ಮತ್ತಿಗೇನ ಕೇಳು" ಎಂದರು. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ.

ಕೇಳುಗರಿಗೆಲ್ಲ ಅವರೇ ಫೋನು ಮಾಡಿ ಕೆಲವು ದಿನ ಪುಸ್ತಕ ಕೇಳಲಾಗದು ಎಂದು ತಿಳಿಸುತ್ತಿದ್ದಾರೆ.

ನನಗೆ ಒಂದೇ ಭಯ. ಅವನು ಅಣ್ಣನನ್ನು ಮುಟ್ಟಿದ್ದಾನೆಯೇ? ಯಂತ್ರದಲ್ಲಿರುವುದನ್ನು ತೆರೆದು ನೋಡಲು ಧೈರ್ಯವಿಲ್ಲ. ಬೀರುವಿನ ಡಿಸ್ಕನ್ನು ತಂದು ಜೋಡಿಸಲೂ ಧೈರ್ಯವಿಲ್ಲ. ನೀವು ಹೇಳುವವರೆಗೆ ಏನನ್ನೂ ಮುಟ್ಟುವುದಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಗದ್ದಲ


ಏಪ್ರಿಲ್ 15

ಪ್ರೀತಿಯ ಗದ್ದಲ,

ಮೊದಲು ಇದನ್ನು ಓದು, ಆಮೇಲೆ ಅಳು. ಡಿಸ್ಕನ್ನು ತಂದು ಜೋಡಿಸದೆ ಇದ್ದೆಯಲ್ಲ, ಅದೊಂದೇ ಸಾಕು. ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪನ್ನು ನೀನು ಮಾಡಲಿಲ್ಲ.

ಅವನು ಬಂದದ್ದು ನನ್ನ ಹೆಸರಿನಲ್ಲಿ. ನನ್ನ ಖಾತೆಗೆ ಮನೆಯೊಡತಿಯ ಅಧಿಕಾರವಿತ್ತು, ಹಾಗಾಗಿ ಅವನು ಯಾವ ಗೋಡೆಯಲ್ಲಿ ಯಾವ ಕಿಂಡಿ ಕೊರೆದಿದ್ದಾನೋ ಹೇಳಲಾಗದು. ಹುಡುಕಿ ಮುಚ್ಚುತ್ತೇನೆ ಅನ್ನಬೇಡ. ಲಾಗುಗಳನ್ನು ಬೇರೆ ಎಲ್ಲಾದರೂ ನಕಲು ಮಾಡಿಟ್ಟು, ಯಂತ್ರದೊಳಗಿನದನ್ನೆಲ್ಲ ಪೂರ್ತಿ ಒರೆಸಿ ಅಳಿಸಿ, ಅದನ್ನು ನಡೆಸುವ ಯುನಿಕ್ಸನ್ನು ಬುನಾದಿಯಿಂದ ಹೊಸದಾಗಿ ಹಾಕು. ಎಲ್ಲ ಪಾಸ್‌ವರ್ಡ್‌ಗಳನ್ನೂ ಬದಲಾಯಿಸು. ನೀಲಿ ತಂತಿ ಸಿಕ್ಕಿಸಿ ಅಪ್‌ಡೇಟ್‌ಗಳೆಲ್ಲ ಸೇರಿದ ಮೇಲೆ ಅದನ್ನು ಮತ್ತೆ ಬಿಡಿಸಿ, ಆಗ ಡಿಸ್ಕ್ ತಂದು ಪುಸ್ತಕಗಳನ್ನು ತುಂಬು. ಡಿಸ್ಕಿನ ಜೊತೆ ಪ್ರತಿ ಪುಸ್ತಕದ ಗುರುತಿನ ಅಂಕಿ, ಅಂದರೆ ಅದರ ಬೆರಳಚ್ಚು, ಇರುವ ಫೈಲು ಇದೆ. ದನಿಯಲ್ಲಿ ಒಂದು ಚೂರು ಬದಲಾಗಿದ್ದರೂ ಬೆರಳಚ್ಚು ತಾಳೆಯಾಗುವುದಿಲ್ಲ. ಒಂದೊಂದನ್ನೂ ತಾಳೆ ನೋಡು. ಇನ್ನು ಮೇಲೆ ಹೊರಗಿನಿಂದ ಪಾಸ್‌ವರ್ಡ್ ಹೇಳಿ ಯಾರೂ ಒಳಗೆ ಬರುವ ಹಾಗಿಲ್ಲ, ಕೀಲಿ ಇದ್ದವರು ಮಾತ್ರ. ಈ ನಿಯಮವನ್ನು ಹೋದ ವರ್ಷವೇ ಮಾಡಬೇಕೆಂದು ಮುಂದೂಡಿದವಳು ನಾನು.

ನನ್ನ ಪಾಲು ಅಲ್ಲಿಗೇ ಮುಗಿಯುವುದಿಲ್ಲ. ಆ ಖಾತೆಯ ಪಾಸ್‌ವರ್ಡ್ ನಿನ್ನಣ್ಣ ಆರಿಸಿದ್ದು, ನಮ್ಮಿಬ್ಬರ ಒಂದು ತಮಾಷೆಯ ಮಾತು. ಅವನು ಹೋದ ಮೇಲೆ ಆ ಮಾತನ್ನು ಹೇಳಲು ಯಾರೂ ಇರಲಿಲ್ಲ. ಟೈಪ್ ಮಾಡುವಾಗಲಾದರೂ ಬೆರಳು ಹೇಳಲಿ ಎಂದು, ಚಪ್ಪಲಿ ತರಿಸಿಕೊಳ್ಳುವ ಅಂಗಡಿಯ ಸೈಟಿಗೂ ಅದನ್ನೇ ಇಟ್ಟೆ. ಆ ಅಂಗಡಿಯಿಂದ ಗಿರಾಕಿಗಳ ಪಾಸ್‌ವರ್ಡ್‌ಗಳು ಕಳುವಾಗಿವೆ ಎಂದು ಮೊನ್ನೆ ತಿಳಿಯಿತು. ಒಂದು ಬಾಗಿಲಿಗೆ ಒಂದು ಕೀಲಿ ಎಂದು ನಿನಗೆ ಪಾಠ ಹೇಳಿದವಳು ಎರಡು ಬಾಗಿಲಿಗೆ ಒಂದೇ ಕೀಲಿ ಇಟ್ಟಿದ್ದೆ. ನೀನು ಮುಚ್ಚಲಾರದೆ ಬಿಟ್ಟೆ, ನಾನು ಬದಲಾಯಿಸಲಾರದೆ ಬಿಟ್ಟೆ. ಯಾರು ಯಾರನ್ನು ಬೈಯುವುದು?

ಈಗ ಹೇಳದೆ ಉಳಿಸಿದ್ದನ್ನೂ ಹೇಳುತ್ತೇನೆ. ಖಾತೆ ಮುಚ್ಚು ಎಂದದ್ದು ನಿಯಮಕ್ಕಾಗಿ ಮಾತ್ರವಲ್ಲ. ಕೆಳಗಿನ ಗಡಿಯಾರದವರನ್ನು ನಾನು ಈ ಊರಿಗೆ ಬರುವ ಮೊದಲೇ ಬಲ್ಲೆ. ಹೋದ ವರ್ಷ ಕೆಲಸದ ಮೇಲೆ ಇಲ್ಲಿಗೆ ಬಂದಿದ್ದಾಗ ಪರಿಚಯ. ಅವರು ಮದುವೆಯಾಗೋಣ ಎಂದಿದ್ದಾರೆ. ನಾನು ಇನ್ನೂ ಏನನ್ನೂ ಹೇಳಿಲ್ಲ. ಇನ್ನೊಬ್ಬರ ಮನೆಗೆ ಹೋಗುವವಳು ನಿಮ್ಮ ಮನೆಯ ಕೀಲಿ ಇಟ್ಟುಕೊಳ್ಳುವುದು ತಪ್ಪೆನಿಸಿತು. ನೀವಾಗಿ ಕೇಳುವ ಮೊದಲು ನಾನೇ ಒಪ್ಪಿಸಿಬಿಡೋಣ ಎಂದುಕೊಂಡೆ. ನಿನ್ನ ಕಾಗದದಲ್ಲಿ 'ನೀವು ಬರುತ್ತಲೇ ಇರಿ' ಎಂಬ ಮಾತು ಓದಿದಾಗ, ಕಳ್ಳ ಬಂದಿದ್ದಾನೆಂದು ಹೆದರುವ ಮೊದಲು ಒಂದು ಕ್ಷಣ, ನಿಜಕ್ಕೂ ನಾನೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು.

ಅತ್ತೆಗೆ ಇದನ್ನು ಓದಿ ಹೇಳು. ಎಲ್ಲವನ್ನೂ.

ಅತ್ತಿಗೆ


ಏಪ್ರಿಲ್ 28

ಅತ್ತಿಗೆಗೆ,

ಅಣ್ಣ ಸುರಕ್ಷಿತ. ಮೊದಲು ಅದು.

ನೀವು ಹೇಳಿದ ಹಾಗೆಯೇ ಯಂತ್ರವನ್ನು ಒರೆಸಿದೆ. ಒರೆಸಿ ಮುಗಿದಾಗ ಕಪ್ಪು ಪರದೆಯಲ್ಲಿ ಒಂದು ಗೆರೆ ಮಿಟುಕುತ್ತಿತ್ತು, ಸಾಮಾನು ಸಾಗಿಸಿದ ಮನೆಯ ಹಾಗಿತ್ತು. ಬುನಾದಿಯಿಂದ ಕಟ್ಟಿದೆ. ನಿಯಮ ಬದಲಾಯಿಸುವಾಗ ಹಳೆಯ ಕಿಟಕಿ ತೆರೆದೇ ಇಟ್ಟು, ಹೊಸದರಲ್ಲಿ ಒಳಗೆ ಕಾಲಿಟ್ಟು ನೋಡಿ, ಆಮೇಲೆ ಮುಚ್ಚಿದೆ. ಚಳಿಯಲ್ಲಿ ನಡೆಯುವ ಕಷ್ಟ ನನಗೆ ಬರಲಿಲ್ಲ.

ಡಿಸ್ಕ್ ತೆಗೆಯಲು ಬೀರುವಿನ ಮುಂದೆ ನಿಂತಾಗ ಅಮ್ಮನಿಗೆ ಹೇಳಲೇಬೇಕಾಯಿತು. ನಿಮ್ಮ ಕಾಗದವನ್ನು ಪೂರ್ತಿ ಓದಿದೆ. ಗಡಿಯಾರದವರ ಜಾಗಕ್ಕೆ ನನ್ನ ನಾಲಿಗೆ ನಿಂತಿತು. ಅಮ್ಮ, "ಅಕ್ಷರ ತೊಡಕೋ, ವಿಷಯ ತೊಡಕೋ?" ಎಂದು ಕೇಳಿದರು. ವಿಷಯ ಎಂದೆ. "ಹಾಗಾದ್ರೆ ನಿಧಾನಕ್ಕೆ ಓದು, ಓಡೋದೇನಿದೆ" ಎಂದರು.

ಓದಿ ಮುಗಿಸಿದೆ. ಅಮ್ಮ ಕಂಬಳಿಯ ಮಡಿಕೆ ಬಿಚ್ಚಿ, ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಮಂಚದ ಮೇಲೆ ಕೂತರು. ಆಮೇಲೆ, "ಅವನು ಕೆಲಸ ಇಟ್ಕೊಂಡಿದಾನಾ?" ಎಂದು ಕೇಳಿದರು. ಅಂಗಡಿ ಇದೆಯಂತೆ, ಮಾತು ಕಡಿಮೆಯಂತೆ ಎಂದೆ. "ಒಳ್ಳೇದೇ. ನನ್ನ ಮಗ ಮಾತಾಡಿ ಮಾತಾಡಿ ಅವಳ ಕಿವಿ ದಣಿದಿತ್ತು" ಎಂದು ನಗಲು ಹೋಗಿ ಅತ್ತರು. ನಾನೂ ಪಕ್ಕದಲ್ಲಿ ಕೂತೆ.

ಕಣ್ಣೊರೆಸಿಕೊಂಡು, "ಅವಳ ಹೆಸರನ್ನ ಆ ಪೆಟ್ಟಿಗೆಯಿಂದ ತೆಗೆದೆಯಾ?" ಎಂದು ಕೇಳಿದರು. ಹೊಸ ಯಂತ್ರದಲ್ಲಿ ಹಾಕಿಯೇ ಇಲ್ಲ, ಹಾಕಬಾರದಂತೆ ಎಂದೆ. ಅಮ್ಮನಿಗೆ ಸಿಟ್ಟು ಬಂತು. "ಕಳ್ಳ ಬಂದ ಅಂತ ಬೀಗ ಬದಲಾಯಿಸ್ತೀವಿ. ಬೀಗ ಬದಲಾಯಿಸಿದ್ವಿ ಅಂತ ಸೊಸೆ ಹೊರಗಿನವಳಾಗ್ತಾಳಾ? ಹೊಸ ಕೀಲಿ ಮಾಡಿಸಿ ಕೊಡು. ಯಾರ ಮನೆಗೇ ಹೋಗಲಿ, ಇಲ್ಲಿಗೆ ಬರೋಕೆ ಅವಳು ಕದ ತಟ್ಟಬಾರದು." ಇದನ್ನು ಹೀಗೆಯೇ ಬರೆಯಬೇಕೆಂದು ಹೇಳಿದ್ದಾರೆ. ಬರೆದದ್ದನ್ನು ಓದಿಸಿ ಕೇಳಿದರು ಕೂಡ.

ಬೆರಳಚ್ಚುಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಅಣ್ಣನ ಒಂದು ಕೆಮ್ಮೂ ಅಲುಗಿಲ್ಲ. ಡಿಸ್ಕಿಗೆ ಸೇರಿರದ ಇತ್ತೀಚಿನ ಓದು ಮಾತ್ರ ಹೋಯಿತು, ನಿವೃತ್ತ ಬಸ್ ಡ್ರೈವರ್ ಓದಿದ ಮಕ್ಕಳ ಕಥೆಗಳು. ಅವರ ಮುಂದೆ ತಲೆ ತಗ್ಗಿಸಿ ನಿಂತೆ. "ಅದೇ ರೂಟಲ್ಲಿ ಮೂವತ್ತು ವರ್ಷ ಬಸ್ ಓಡಿಸಿದೀನಿ, ಅದೇ ಕಥೆ ಇನ್ನೊಂದು ಸಲ ಓದೋಕೆ ಬೇಜಾರಾ?" ಎಂದು ಕನ್ನಡಕ ಹಾಕಿಕೊಂಡು ಕೂತೇಬಿಟ್ಟರು. ಈ ಸಲ ತೋಳದ ದನಿ ಇನ್ನೂ ಚೆನ್ನಾಗಿ ಬಂದಿದೆ.

ಯಜಮಾನರ ಒಪ್ಪಿಗೆ ಕೇಳಿದೆ, ಸಿಕ್ಕಿತು. ಯಂತ್ರ ನಡೆಸುವ ಅಧಿಕಾರ ನಿಮಗಿರುವುದಿಲ್ಲ, ಪುಸ್ತಕ ಕೇಳುವ ಅಧಿಕಾರ ಇರುತ್ತದೆ. ಅದಕ್ಕೆ ಕೀಲಿ ಬೇಕು. ಹೇಗೆ ತರಿಸಿಕೊಳ್ಳಲಿ? ಕೀಲಿಯನ್ನು ಅಂಚೆಯಲ್ಲಿ ಕಳಿಸಬಹುದೇ?

ನಿಮ್ಮ ಗದ್ದಲ


ಮೇ 6

ಪ್ರೀತಿಯ ಗದ್ದಲ,

ಅತ್ತೆಯ ಮಾತನ್ನು ಓದಿ ಕಚೇರಿಯಲ್ಲಿ ಕಿಟಕಿಯಿಲ್ಲದ ಕೋಣೆಯಿರುವುದು ಒಳ್ಳೆಯದಾಯಿತು ಎನಿಸಿತು. ಯಾರೂ ನನ್ನ ಮುಖ ನೋಡಲಿಲ್ಲ.

ಅಂಚೆಯಲ್ಲಿ ಕಳಿಸಬಹುದು. ಕೀಲಿಗೆ ಎರಡು ಭಾಗ. ಒಂದು ಗುಟ್ಟಿನದು, ಅದು ನನ್ನ ಕಂಪ್ಯೂಟರು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ಬಹಿರಂಗದ್ದು, ಅದನ್ನು ನಿನ್ನ ಬಾಗಿಲಿಗೆ ಅಂಟಿಸಬೇಕು. ಊರ ಗೋಡೆಯ ಮೇಲೆ ಬರೆದರೂ ತೊಂದರೆಯಿಲ್ಲ. ನನ್ನ ಹತ್ತಿರವಿರುವ ಅರ್ಧ ಹೊಂದಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಎರಡನೆಯ ಹಾಳೆಯಲ್ಲಿ ಬಹಿರಂಗದ ಭಾಗವನ್ನು ಬಿಡಿಬಿಡಿ ಅಕ್ಷರದಲ್ಲಿ ಬರೆದಿದ್ದೇನೆ. ಅರ್ಥವಿಲ್ಲದ ಸಾಲು, ತುಂಬ ಪ್ರೀತಿಯಿಂದ ಬರೆದದ್ದು. ಅತ್ತೆಗೂ ತೋರಿಸು.

ಗಡಿಯಾರದವರಿಗೆ ನಿನ್ನೆ ಹೂಂ ಎಂದೆ. ಅವರು ಕೈಯಲ್ಲಿದ್ದ ಸಣ್ಣ ತಿರುಪನ್ನು ಬೀಳಿಸಿದರು. ಇಬ್ಬರೂ ನೆಲದ ಮೇಲೆ ಕೂತು ಅದನ್ನು ಹುಡುಕಿದೆವು. ಆಮೇಲೆ ಒಂದು ಮಾತು ಕೇಳಿದರು: "ಅವರ ದನಿ ಇದೆ ಅಂದ್ರಲ್ಲ, ನಾನೂ ಕೇಳಬಹುದಾ?" ಅದನ್ನು ಒಪ್ಪುವ ಹಕ್ಕು ನಿಮ್ಮದು. ನಿನ್ನನ್ನು ಕೇಳುತ್ತಿದ್ದೇನೆ.

ಅತ್ತಿಗೆ


ಮೇ 16

ಅತ್ತಿಗೆಗೆ,

ನೀವು ಬರೆದ ಸಾಲನ್ನು ಅಮ್ಮ ಬೆರಳಿಟ್ಟು ತೋರಿಸುತ್ತಾ ಕೂತರು, ನಾನು ಟೈಪ್ ಮಾಡಿದೆ. ಅಮ್ಮ ಸರ್ವರ್ ಕೋಣೆಗೆ ಬಂದದ್ದು ಇದೇ ಮೊದಲು. "ಇಷ್ಟೇನಾ? ಇಷ್ಟು ಚಿಕ್ಕ ಪೆಟ್ಟಿಗೇಲಿ ಅವನು ಹೇಗೆ ಹಿಡಿಸಿದ?" ಎಂದರು. ಅಣ್ಣನ ಭುಜ ಬಾಗಿಲಿಗೆ ತಾಗುತ್ತಿತ್ತಲ್ಲ.

ನೀವು ಕೇಳಿದ್ದಕ್ಕೆ ನಾನು ಉತ್ತರ ಹೇಳಬೇಕೆಂದಿದ್ದೆ, ಅಮ್ಮ ಮುಂದಾದರು. "ಊರಿನವರೆಲ್ಲ ಕೇಳ್ತಾರಂತೆ, ಮನೆಯವನು ಕೇಳಬಾರದಾ?"

ಬರೆಯುವುದನ್ನು ಅಲ್ಲಿಗೆ ನಿಲ್ಲಿಸಿ ಇವತ್ತು ಅಂಚೆಗೆ ಹಾಕಲು ಹೊರಟಿದ್ದೆ. ಅಷ್ಟರಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಲಾಗಿನಲ್ಲಿ ಒಂದು ಸಾಲು ಬಂತು. 'ಅತ್ತಿಗೆ' ಒಳಗೆ ಬಂದಿದ್ದಾಳೆ. ಕೀಲಿ ಸರಿಯಾಗಿ ಹೊಂದಿದೆ. ಹಡಗಿನ ಕಥೆ ತೆರೆದಿದ್ದಾಳೆ. ಎಲ್ಲ ಸರಿಯಿದೆ ಎಂದು ಯಂತ್ರ ಹೇಳುತ್ತದೆ. ಆದರೂ ಹೋದ ಸಲ ಕೇಳದೆ ಬಿಟ್ಟದ್ದನ್ನು ಈ ಸಲ ಕೇಳುತ್ತೇನೆ, ತಪ್ಪು ತಿಳಿಯಬೇಡಿ.

ಅತ್ತಿಗೆ, ಅದು ನೀವೇ ತಾನೆ?

ಗದ್ದಲ


ಮೇ 23

ಪ್ರೀತಿಯ ಗದ್ದಲ,

ನಾನೇ.

ಕೇಳಿದ್ದು ಒಳ್ಳೆಯದಾಯಿತು. ಇನ್ನು ಮೇಲೆ ನಿನಗೆ ನಾನು ಕಲಿಸಬೇಕಾದದ್ದು ಏನೂ ಉಳಿದಿಲ್ಲ.

ಆ ದಿನ ಒಬ್ಬಳೇ ಕೇಳಿದೆ; ಅತ್ತೆಯ ಮಾತು ಮುಟ್ಟಿದ ಮೇಲೆ, ನಿನ್ನೆ ಜೊತೆಗೆ ಇನ್ನೊಬ್ಬರೂ ಇದ್ದರು. ಅಂಗಡಿಯ ಕದ ಅರ್ಧ ಎಳೆದು, ಎಲ್ಲ ಗಡಿಯಾರಗಳ ಲೋಲಕವನ್ನೂ ಕೈಯಿಂದ ನಿಲ್ಲಿಸಿ ಬಂದು ಕೂತರು. ಅಂಗಡಿ ಅಷ್ಟು ಮೌನವಾಗಿದ್ದುದನ್ನು ನಾನು ನೋಡಿರಲಿಲ್ಲ. ನಿನ್ನಣ್ಣ ಓದಲು ಶುರುಮಾಡಿದ. ದನಿ ಎಲ್ಲೂ ತುಂಡಾಗಲಿಲ್ಲ. ಅಲೆ ಬರುವ ಜಾಗವನ್ನು ಸಲೀಸಾಗಿ ದಾಟಿದ, ಪಿಯಾನೋದವರಿಗೆ ಹೇಳು. ನಾನು ಇವರ ಮುಖ ನೋಡಲಾರದೆ ಮೇಜಿನ ಮೇಲೆ ಬಿಚ್ಚಿಟ್ಟ ಗಡಿಯಾರದ ಚಕ್ರಗಳನ್ನು ನೋಡುತ್ತಿದ್ದೆ.

ಪುಟದ ಕೊನೆಯಲ್ಲಿ ಅವನು ಕೆಮ್ಮಿದ. ಕೆಮ್ಮಿ, ಯಾವಾಗಲಿನ ಹಾಗೆ, "ಕ್ಷಮಿಸಿ" ಎಂದ.

ಇವರು ತಲೆಯೆತ್ತಿ, ಎದುರಿಗೆ ಕೂತವನಿಗೆ ಹೇಳುವ ಹಾಗೆ, "ಪರವಾಗಿಲ್ಲ, ಓದಿ" ಎಂದರು.

ಅತ್ತಿಗೆ